ಐಎಸ್‌ಎಎ ಪರೀಕ್ಷೆ: ಆಟಿಸಂ ಇರುವ ದೊಡ್ಡವರ ವಿಷಯದಲ್ಲಿ ಎಲ್ಲಿ ಸರಿ, ಎಲ್ಲಿ ಎಡವುತ್ತದೆ

ಆಟಿಸಂಗೆ ಅಂಗವಿಕಲತೆ ಪ್ರಮಾಣಪತ್ರ ಮಾಡಿಸಲು ಹೋದ ಯಾರಿಗೇ ಆಗಲಿ ಎದುರಾಗುವುದು ಐಎಸ್‌ಎಎ, ಅಂದರೆ ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ. ಈಗ ಎನ್‌ಐಇಪಿಐಡಿ ಎಂದು ಕರೆಯುವ ಸಿಕಂದರಾಬಾದಿನ, ಬೌದ್ಧಿಕ ಅಂಗವಿಕಲತೆಯ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಇದು 2009ರಲ್ಲಿ ಬಳಕೆಗೆ ಬಂತು. 2018ರ ಜನವರಿ 4ರ ಕೇಂದ್ರ ಮಾರ್ಗಸೂಚಿ ಅಂಗವಿಕಲತೆಯ ಶೇಕಡಾವಾರು ಲೆಕ್ಕಕ್ಕೆ ಇದನ್ನೇ ಇಟ್ಟುಕೊಂಡಿತು. ಮಕ್ಕಳ ಮಟ್ಟಿಗೆ ಇದು ಉಪಯುಕ್ತ ಸಾಧನ. ಮಾತಾಡಬಲ್ಲ, ಓದಿ ಕೆಲಸಕ್ಕೆ ಹೋಗುವ ದೊಡ್ಡವರ ವಿಷಯದಲ್ಲಿ ಮಾತ್ರ ಫಲಿತಾಂಶ ಪೂರ್ತಿಯಾಗಿ ಅಂಕ ಹಾಕುವವರ ಕೈಯಲ್ಲಿರುತ್ತದೆ.

ಒಟ್ಟು 40 ಅಂಶಗಳಿದ್ದು, ಅವು 6 ವಿಭಾಗಗಳಲ್ಲಿ ಹಂಚಿಕೊಂಡಿವೆ. ಪ್ರತಿ ಅಂಶಕ್ಕೆ 1ರಿಂದ 5 ಅಂಕ: ಆ ಲಕ್ಷಣ 20% ಸಮಯದವರೆಗೆ ಕಂಡರೆ 1, 21ರಿಂದ 40% ಆದರೆ 2, ಹೀಗೆ ಏರುತ್ತ 80% ದಾಟಿದರೆ 5. ಮೊತ್ತ 70ಕ್ಕಿಂತ ಕಡಿಮೆ ಬಂದರೆ ‘ಆಟಿಸಂ ಇಲ್ಲ’. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. 70 ಅಂಕಕ್ಕೆ 40% ಅಂಗವಿಕಲತೆ ಸಿಗುತ್ತದೆ. ಮೀಸಲಾತಿಗೆ ಬೇಕಾದ ಕನಿಷ್ಠ ಮಟ್ಟವೂ ಅದೇ.

ಒಳ್ಳೆಯ ಗುಣಗಳು ಇಲ್ಲದಿಲ್ಲ. ದುಬಾರಿ ಕಿಟ್ ಬೇಡ, ಜಿಲ್ಲಾ ಆಸ್ಪತ್ರೆಯಲ್ಲೂ ಮಾಡಬಹುದು. ಬೆಳಕು, ಸದ್ದು, ಸ್ಪರ್ಶ, ನೋವಿನಂಥ ಇಂದ್ರಿಯ ಸಂಗತಿಗಳಿಗೇ 6 ಅಂಶಗಳನ್ನು ಮೀಸಲಿಟ್ಟಿದೆ.

ಎಡವುವುದು ಎಲ್ಲಿ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಬಂದ ಮಾತು ಹೋಗಿಬಿಡುವುದು, ಕೇಳಿದ್ದನ್ನೇ ತಿರುಗಿ ಹೇಳುವುದು, ಎಳೆಮಗುವಿನಂತೆ ಕಿರುಚುವುದು, ಅರ್ಥವಿಲ್ಲದ ಪದ ಬಳಸುವುದು, ‘ನಾನು’ ‘ನೀನು’ ಅದಲುಬದಲಾಗುವುದು, ಅಪಾಯದ ಭಯವಿಲ್ಲದಿರುವುದು, ಹಟ ಮಾಡಿ ಅಳುವುದು, ಚಲಿಸುವ ವಸ್ತುವನ್ನು ಕಣ್ಣಲ್ಲಿ ಹಿಂಬಾಲಿಸಲಾಗದಿರುವುದು, ನೋಟದ ವಿಚಿತ್ರ ರೀತಿ, ಅಸಾಧಾರಣ ಪ್ರತಿಭೆ: ಈ ಹತ್ತರಲ್ಲೂ ಮಾತುಬಲ್ಲ ವಯಸ್ಕರಿಗೆ ಸಾಮಾನ್ಯವಾಗಿ 1 ಬೀಳುತ್ತದೆ. ಆಗ 70 ಮುಟ್ಟಬೇಕಾದರೆ ಉಳಿದ 30 ಅಂಶಗಳಲ್ಲಿ ಸರಾಸರಿ 2 ಬರಲೇಬೇಕು. ಆ ಮೂವತ್ತರಲ್ಲಿಯೂ ಎಷ್ಟೋ ಅಂಶಗಳನ್ನು ದೊಡ್ಡವರು ಮರೆಮಾಡಲು ಕಲಿತಿರುತ್ತಾರೆ.

ಮೊದಲ ಅಂಶವೇ ಕಣ್ಣು ಕೊಟ್ಟು ನೋಡದಿರುವುದು. ಎದುರಿನವರ ಹುಬ್ಬು ನೋಡುತ್ತ ಮಾತಾಡುವ ಅಭ್ಯಾಸ ಮಾಡಿಕೊಂಡವರಿಗೆ 1 ಬೀಳುತ್ತದೆ. ‘ಹಾಗೆ ನೋಡುವಾಗ ನನ್ನ ಮಾತು ತಲೆಗೆ ಹೋಗುತ್ತದೆಯೇ?’ ಎಂದು ಕೇಳುವ ತಜ್ಞರು ಮಾತ್ರ ನಿಜ ಹಿಡಿಯುತ್ತಾರೆ. ‘ಊಟ ಆಯ್ತಾ?’ ಎಂದರೆ ‘ಆಯ್ತು, ನಿಮ್ದು?’ ಎನ್ನುವುದನ್ನು ಪಾಠದಂತೆ ಬಾಯಿಪಾಠ ಮಾಡಿದವರು ಸರಾಗವಾಗಿಯೇ ಉತ್ತರಿಸುತ್ತಾರೆ. ಮೂರನೆಯ ಮಾತಿಗೆ ಹರಟೆ ನಿಂತುಹೋಗುವುದು ಹತ್ತು ನಿಮಿಷದ ಭೇಟಿಯಲ್ಲಿ ಕಾಣುವುದಿಲ್ಲ. 14ನೇ ಅಂಶ ‘ಕಾರಣ ಕಾಣಿಸದೆ ಉದ್ವೇಗ’ ಎನ್ನುತ್ತದೆ. ಟ್ಯೂಬ್‌ಲೈಟಿನ ಗುಂಯ್ ಸದ್ದೇ ಕಾರಣವಾಗಿರಬಹುದು, ನೋಡುವವರಿಗೆ ಅದು ಕೇಳಿಸುವುದಿಲ್ಲ, ಅಷ್ಟೆ. ಹೊರಗೆ ಏನು ಕಾಣುತ್ತದೆ ಎಂಬುದನ್ನು ಮಾತ್ರ ಈ ಪರೀಕ್ಷೆ ಎಣಿಸುತ್ತದೆ. ಹಾಗೆ ಕಾಣದಂತೆ ಇರಲು ವ್ಯಕ್ತಿ ಎಷ್ಟು ಸವೆಯುತ್ತಾರೆ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5, ಕಲಿತ ತಂತ್ರಗಳಿಂದ ಲಕ್ಷಣಗಳು ಮುಚ್ಚಿಹೋಗಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ಅದನ್ನು ಓದಿದ ತಜ್ಞರೂ ಅಂಕ ಹಾಕುವಾಗ ಮರೆಯುವುದು ಬೇಸರದ ಸಂಗತಿ.

ಪ್ರಶ್ನೆ ಕೇಳುವ ರೀತಿಯಿಂದಲೂ ತಪ್ಪು ಹುಟ್ಟುತ್ತದೆ. ‘ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತಾ?’ ಎಂದರೆ ಪದಶಃ ಅರ್ಥ ಮಾಡಿಕೊಳ್ಳುವವರು ‘ಹೌದು’ ಎನ್ನಬಹುದು, ಪಕ್ಕದ ಮನೆಯ ಟಿವಿಯನ್ನು ನೆನೆದು. ‘ಯಾವ ಧ್ವನಿ, ಎಲ್ಲಿಂದ?’ ಎಂದು ಮುಂದುವರಿಸದಿದ್ದರೆ ಫೈಲಿನಲ್ಲಿ ಬೇರೆಯದೇ ಕಾಯಿಲೆ ಸೇರುತ್ತದೆ. ವರ್ಷಗಟ್ಟಲೆ ಮರೆಮಾಡಿ ಸುಸ್ತಾಗಿ ಮಾತು ನಿಂತವರನ್ನು ಬರೀ ಖಿನ್ನತೆ ಎಂದು ಔಷಧಿ ಕೊಟ್ಟು ಕಳಿಸುವುದೂ ಉಂಟು. ಹೆಂಗಸರಿಗೆ ವ್ಯಕ್ತಿತ್ವದ ದೋಷ ಎಂಬ ಹಣೆಪಟ್ಟಿ ಬೇಗ ಅಂಟುತ್ತದೆ.

ಹೋಗುವ ಮುನ್ನ ತಯಾರಿ ಬೇಕು. 40 ಅಂಶಗಳ ಹಾಳೆ ತೆಗೆದುಕೊಂಡು ಪ್ರತಿಯೊಂದಕ್ಕೂ ಎರಡು ಸಾಲು ಬರೆಯಿರಿ: ಮನೆಯಲ್ಲಿ ಯಾರೂ ನೋಡದಾಗ ಏನಾಗುತ್ತದೆ, ಹೊರಗೆ ಅದನ್ನು ತಡೆಯಲು ಏನು ಮಾಡುತ್ತೀರಿ. ‘ಸದ್ದು ಆಗಲ್ಲ’ ಎಂದಷ್ಟೇ ಬರೆದರೆ ಅಂಕ ಬರುವುದಿಲ್ಲ. ‘ವಾರದಲ್ಲಿ ಐದು ದಿನ ಬಸ್ಸಿಳಿದ ಮೇಲೆ ಒಂದು ಗಂಟೆ ಕತ್ತಲೆ ಕೋಣೆಯಲ್ಲಿ ಮಲಗಬೇಕು’ ಎಂಬಂತಿರಲಿ, ಏಕೆಂದರೆ ಅಂಕ ನಿಂತಿರುವುದು ಎಷ್ಟು ಸಲ ಎಂಬುದರ ಮೇಲೆ. ಬಾಲ್ಯದ ವಿವರಕ್ಕೆ ತಾಯಿ ಅಥವಾ ಸೋದರಮಾವ, ಈಗಿನ ವಿವರಕ್ಕೆ ಜೊತೆಗಿರುವವರು, ಹೀಗೆ ಇಬ್ಬರು ಬಂದರೆ ಒಳ್ಳೆಯದು. ತಾಯಿಗೆ ಮೊದಲೇ ಹೇಳಿಡಿ: ಮಗಳ ಮಾನ ಉಳಿಸಲೆಂದು ‘ಚಿಕ್ಕವಳಿದ್ದಾಗ ಎಲ್ಲ ಸರಿಯಾಗಿತ್ತು’ ಎಂದರೆ ಹತ್ತಾರು ಅಂಕ ಹೋಗುತ್ತದೆ. ಶಾಲೆಯ ಪ್ರಗತಿಪತ್ರದಲ್ಲಿ ‘ಯಾರೊಂದಿಗೂ ಬೆರೆಯುವುದಿಲ್ಲ’ ಎಂದಿದ್ದರೆ ಅದರ ಪ್ರತಿ ಒಯ್ಯಿರಿ.

ತಜ್ಞರನ್ನು ಆರಿಸುವ ಅವಕಾಶವಿದ್ದರೆ ಫೋನಿನಲ್ಲೇ ಮೂರು ಪ್ರಶ್ನೆ ಕೇಳಿ: 18 ದಾಟಿದವರನ್ನು ನೋಡುತ್ತೀರಾ, ಎರಡು ಭೇಟಿಯಲ್ಲಿ ಮಾಡುತ್ತೀರಾ, ಬರೆದು ತಂದ ಉತ್ತರ ಓದುತ್ತೀರಾ. ಎರಡನೆಯದಕ್ಕೆ ‘ಅರ್ಧ ಗಂಟೆ ಸಾಕು’ ಎಂದರೆ ಬೇರೆಯವರನ್ನು ಹುಡುಕುವುದೇ ಲೇಸು.

ಅಂಕ 60ರ ಆಸುಪಾಸಿಗೆ ನಿಂತರೆ ವಿಭಾಗವಾರು ಅಂಕಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಯಾವ ಅಂಶಕ್ಕೆ 1 ಏಕೆ ಎಂದು ಅದರಿಂದಲೇ ತೋರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ಅವಕಾಶ ಕೊಟ್ಟಿದೆ. 40% ಬರದಿದ್ದರೂ ಸೌಲಭ್ಯ ಕೇಳುವ ದಾರಿ ಪೂರ್ತಿ ಮುಚ್ಚುವುದಿಲ್ಲ: ಲಿಖಿತ ಪರೀಕ್ಷೆಗಳಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವನ್ನು 40% ಇದ್ದವರಿಗೆ ಮಾತ್ರ ಎಂದು ಕಟ್ಟಿಹಾಕುವಂತಿಲ್ಲ ಎಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರು ಕಿವಿಗೆ ಹೆಡ್‌ಫೋನ್, ಗದ್ದಲದಿಂದ ದೂರದ ಮೇಜು, ಬರಹದಲ್ಲಿ ಸೂಚನೆ ಬೇಕೆಂದು ಅರ್ಜಿ ಹಾಕುವಾಗ ತಜ್ಞರ ರೋಗನಿರ್ಣಯ ಪತ್ರದ ಜೊತೆ ಅದೇ ಕಾಯ್ದೆಯ 20ನೇ ಕಲಮನ್ನು ಉಲ್ಲೇಖಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.