ಕನ್ನಡ ಸಬ್‌ಟೈಟಲ್: ಪ್ರೀಮಿಯರ್, ರಿಸಾಲ್ವ್, ಏಜಿಸಬ್, ಯಾವುದಕ್ಕೆ ಯಾವುದು?

ಕನ್ನಡ ಸಬ್‌ಟೈಟಲ್‌ನಲ್ಲಿ ತಂತ್ರಾಂಶದ ಯೋಗ್ಯತೆ ತಿಳಿಯುವುದು ಒತ್ತಕ್ಷರದಲ್ಲಿ. 'ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಅರ್ಕಾವತಿ' ಎಂದು ಒಂದು ಸಾಲು ಅಂಟಿಸಿ ನೋಡಿ. ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ, ಅರ್ಕಾವತ್ತು ಬರುವ ಕಡೆ 'ರ್' ಬಿಡಿಯಾಗಿ ಕಂಡರೆ, ಮುಂದಿನ ಕೆಲಸವೆಲ್ಲ ದಂಡ.

ಅಡೋಬಿಯ ವಿಡಿಯೋ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೋದಲ್ಲಿ ಹೀಗಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ. ಪ್ರಿಫರೆನ್ಸಸ್, ಗ್ರಾಫಿಕ್ಸ್ ಒಳಗೆ 'ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್' ಎಂಬ ಆಯ್ಕೆ ಇದೆ. ಕ್ಯಾಪ್ಶನ್ ಹಾಕುವ ಮೊದಲೇ ಅದನ್ನು ಆರಿಸಿಕೊಳ್ಳಬೇಕು. ಆಮೇಲೆ ಪ್ರೀಮಿಯರ್ ಹಾಯಾಗಿ ನಡೆಯುತ್ತದೆ. ಒಂದು ಕ್ಯಾಪ್ಶನ್ನಿಗೆ ಫಾಂಟ್, ಬಣ್ಣ, ಅಂಚು ಕೊಟ್ಟು 'ಟ್ರ್ಯಾಕ್ ಸ್ಟೈಲ್'ನಲ್ಲಿ ಹೊಸ ಸ್ಟೈಲ್ ಮಾಡಿದರೆ ಇಡೀ ಟ್ರ್ಯಾಕಿಗೆ ಹತ್ತುತ್ತದೆ. ಮುಂದೆ ಏನೇ ತಿದ್ದಿದರೂ ಪಕ್ಕದ ಮೇಲ್ಮುಖ ಬಾಣ ಒತ್ತಬೇಕು, ಇಲ್ಲವಾದರೆ ಆ ಬದಲಾವಣೆ ಆ ಒಂದು ಸಾಲಿಗಷ್ಟೇ.

ಇನ್ನೊಂದು ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನಲ್ಲಿ ಈ ಬಾಣದ ಗೋಜಿಲ್ಲ. ಇನ್‌ಸ್ಪೆಕ್ಟರ್‌ನ ಟ್ರ್ಯಾಕ್ ಟ್ಯಾಬಿನಲ್ಲಿ ತಿದ್ದಿದ್ದು ಎಲ್ಲಕ್ಕೂ ಅನ್ವಯ. ಉಚಿತ ಆವೃತ್ತಿಗೇ ಇಷ್ಟು ಸಿಗುವುದು ದೊಡ್ಡ ಮಾತು. ಆದರೆ ಅದರ ಟೈಮ್‌ಲೈನ್ ಸಾಮಾನ್ಯವಾಗಿ 01:00:00:00ರಿಂದ ಶುರು, ಎಸ್‌ಆರ್‌ಟಿ ಕಡತ (ಸಾಲುಗಳೂ ಅವುಗಳ ಸಮಯವೂ ಇರುವ ಸಬ್‌ಟೈಟಲ್ ಕಡತ) ಸೊನ್ನೆಯಿಂದ. ಹಾಗಾಗಿ ಸಾಲುಗಳು ಒಂದು ಗಂಟೆ ಆಚೀಚೆ ಆಗುವ ಅಪಾಯ ಇದ್ದೇ ಇದೆ. ಟೈಮ್‌ಲೈನಿನ ಆರಂಭದ ಟೈಮ್‌ಕೋಡನ್ನು ಸೊನ್ನೆ ಮಾಡಿಟ್ಟುಕೊಳ್ಳಿ.

ಈ ಎರಡರಲ್ಲೂ ಮಾಡಬಾರದ ಕೆಲಸವೆಂದರೆ ಟೈಮಿಂಗ್. ಮೌಸ್ ಹಿಡಿದು ನಾನೂರು ಸಾಲುಗಳ ಅಂಚು ಎಳೆಯುವುದು ಕೈನೋವಿಗೆ ಹಾದಿ. ಅದಕ್ಕೆ 'ಸಬ್‌ಟೈಟಲ್ ಎಡಿಟ್' ಎಂಬ ಉಚಿತ ತಂತ್ರಾಂಶ ಸಾಕು. ಸಾಲಿಗೊಂದು ವಾಕ್ಯದಂತೆ ಬರೆದ ಪಠ್ಯವನ್ನು ಒಳಗೆ ತಂದು, ವಿಡಿಯೋ ಓಡುತ್ತಿರುವಾಗಲೇ 'ಅಡ್ಜಸ್ಟ್' ಟ್ಯಾಬಿನಲ್ಲಿ ಎಫ್11 ಒತ್ತಿದರೆ ಸಾಲಿನ ಆರಂಭ, ಎಫ್10 ಒತ್ತಿದರೆ ಕೊನೆ, ಜೊತೆಗೆ ಮುಂದಿನ ಸಾಲಿಗೆ ಜಿಗಿತ. ಅದರೊಳಗಿನ, ಮಾತು ಕೇಳಿ ಪಠ್ಯ ಮಾಡುವ ವಿಸ್ಪರ್ ಕನ್ನಡವನ್ನೂ ಬರೆದುಕೊಡುತ್ತದೆ, ಆದರೆ ಹೆಸರುಗಳನ್ನೂ ಆಡುಮಾತನ್ನೂ ಕೆಡಿಸುತ್ತದೆ. ಕರಡು ಎಂದಷ್ಟೇ ನಂಬಿ.

ಸಾಲಿಗೆ 42 ಅಕ್ಷರ ಎಂಬ ಪ್ರಚಲಿತ ಮಿತಿ ಲ್ಯಾಟಿನ್ ಲಿಪಿಗೆ ಹೊಂದುವಂಥದು. ಕಣ್ಣಿಗೆ ಒಂದೇ ಅಕ್ಷರವಾದ 'ಸ್ತ್ರೀ' ಯೂನಿಕೋಡ್ ಲೆಕ್ಕದಲ್ಲಿ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ. ಸಾಲು ಉದ್ದವಾಯಿತೆಂಬ ಕೆಂಪು ಎಚ್ಚರಿಕೆ ಕಂಡ ತಕ್ಷಣ ಸಾಲು ಒಡೆಯಬೇಡಿ, ಚೌಕಟ್ಟಿನ ಅಗಲದ ಐದರಲ್ಲಿ ನಾಲ್ಕು ಪಾಲು ಮೀರಿದೆಯೇ ಎಂದು ನೋಡಿ.

ಇನ್ನು ಏಜಿಸಬ್, ಸಬ್‌ಟೈಟಲ್‌ಗೆಂದೇ ಇರುವ ಉಚಿತ ತಂತ್ರಾಂಶ. ವಿಡಿಯೋದ ಮೇಲೆಯೇ ಅಚ್ಚೊತ್ತಿ ಕೊಡುವುದಾದರೆ ಇದೇ ಹಗುರ. ಸ್ಟೈಲ್ ಮ್ಯಾನೇಜರ್‌ನಲ್ಲಿ ಒಂದು ಸ್ಟೈಲ್ ಬರೆದು, ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೆ ಕಡತ ಕೊಟ್ಟರೆ ಮುಗಿಯಿತು, ಒತ್ತಕ್ಷರವನ್ನು ಅಕ್ಷರ ಜೋಡಿಸುವ ಹಾರ್ಫ್‌ಬಜ್ ಸರಿಯಾಗಿ ಕೂರಿಸುತ್ತದೆ. ಅಕ್ಷರದ ಗಾತ್ರಕ್ಕೆ ಅಳತೆಗೋಲಾದ ಸ್ಕ್ರಿಪ್ಟ್ ರೆಸಲ್ಯೂಶನ್ 1920, 1080 ಎಂದು ಮೊದಲೇ ಹಾಕಿ. ಎಫ್‌ಎಫ್‌ಎಂಪೆಗ್ ತಾನೇ ಎಸ್‌ಆರ್‌ಟಿಯಿಂದ ಪರಿವರ್ತಿಸಿದ ಕಡತದಲ್ಲಿ ಅದು 384, 288 ಇರುತ್ತದೆ. ಅಲ್ಲಿ ಗಾತ್ರ 60 ಎಂದರೆ ಒಂದೊಂದು ಸಾಲೂ ಪರದೆಯ ಎತ್ತರದ ಸುಮಾರು ಐದನೇ ಒಂದು ಪಾಲು ನುಂಗುತ್ತದೆ.

ಏಜಿಸಬ್‌ನ ನಿಜವಾದ ಕೊರತೆ ಬೇರೆ: ಸಾಲುಗಳ ನಡುವಿನ ಅಂತರ ಬದಲಿಸುವ ಗುಂಡಿಯೇ ಇಲ್ಲ, ಫಾಂಟ್ ಕೊಟ್ಟಷ್ಟೇ. ಇಂಗ್ಲಿಷಿಗೆ ಇದು ತಗಾದೆಯಲ್ಲ. ಕನ್ನಡದಲ್ಲಿ ಮೇಲಿನ ಸಾಲಿನ 'ಷ್ಟ್ರ' ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ 'ಕೀ', 'ಸೇ' ಮೇಲಕ್ಕೆ ಏರುತ್ತವೆ. ಇಕ್ಕಟ್ಟಾದ ಫಾಂಟಿನಲ್ಲಿ ಎರಡೂ ಒಂದಕ್ಕೊಂದು ತಾಗುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಸಾಕಷ್ಟು ಜಾಗ ಬಿಡುತ್ತದೆ. ಬೇರೆ ಫಾಂಟೇ ಬೇಕೆಂದು ಹಟ ಹಿಡಿದರೆ ಪ್ರೀಮಿಯರ್‌ಗೆ ಹೋಗಿ ಅಂತರ ಹೆಚ್ಚಿಸಿ. ಅಂಚಿನ ದಪ್ಪ ಎಲ್ಲಿಯೇ ಆಗಲಿ ಮೂರು ಪಿಕ್ಸೆಲ್ ದಾಟಿದರೆ ಠ, ಥ, ಧ ಒಳಗಿನ ಚುಕ್ಕೆ, ಸೀಳು ಮುಚ್ಚಿಹೋಗಿ ಒಂದರಂತೆ ಇನ್ನೊಂದು ಕಾಣುತ್ತದೆ.

ಪಠ್ಯ ಹಳೆಯ 'ನುಡಿ' ತಂತ್ರಾಂಶದ ಕಡತದಲ್ಲಿ ಬಂದಿದ್ದರೆ ಮೂರೂ ಸೋಲುತ್ತವೆ, ಏಕೆಂದರೆ ಅದು ಯೂನಿಕೋಡ್ ಅಲ್ಲ, ಪರದೆಯ ಮೇಲೆ ಲ್ಯಾಟಿನ್ ಗೊಂದಲ ಬರುತ್ತದೆ. ಮೊದಲು ಪರಿವರ್ತಕಕ್ಕೆ ಹಾಕಿ, ಯುಟಿಎಫ್-8ರಲ್ಲಿ ಉಳಿಸಿ, ಆಮೇಲೆ ಟೈಮಿಂಗ್ ಶುರು ಮಾಡಿ.