ಹಾರ್ಮೋನ್ ಇಂಜೆಕ್ಷನ್‌ಗಿಂತ ಮೊದಲು ಗುಳಿಗೆ: ನಮ್ಮಪ್ಪನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು

ಹೋದ ವರ್ಷ ಮಾರ್ಚಿನಲ್ಲಿ ನಮ್ಮಪ್ಪ ಆಸ್ಪತ್ರೆಗೆ ನಡೆದು ಹೋದ, ಒಂದು ಇಂಜೆಕ್ಷನ್ ಹಾಕಿಸಿಕೊಂಡು ನಡೆದೇ ಹೊರಗೆ ಬಂದ. ಹನ್ನೊಂದನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಲ್ಲಲು ಆಗಲಿಲ್ಲ. ಆ ಹನ್ನೊಂದು ದಿನ ನಮಗೆ ಏನು ಗೊತ್ತಿರಬೇಕಿತ್ತೋ ಅದನ್ನು ಬರೆಯುತ್ತಿದ್ದೇನೆ. ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಚೀಲದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಮೂಳೆಗೆ ಹರಡಿದೆ, ಹಾರ್ಮೋನ್ ಇಂಜೆಕ್ಷನ್ ಶುರು ಮಾಡಬೇಕು ಅಂತ ನಿಮ್ಮ ಮನೆಯಲ್ಲಿ ಯಾರಿಗಾದರೂ ಹೇಳಿದ್ದರೆ ದಯವಿಟ್ಟು ಪೂರ್ತಿ ಓದಿ. ಇಂಜೆಕ್ಷನ್ ಬೇಡ ಅನ್ನಲು ಇದನ್ನು ಬರೆಯುತ್ತಿಲ್ಲ. ಅಪ್ಪ ಇವತ್ತು ನಮ್ಮ ಜೊತೆ ಇರುವುದು ಆ ಇಂಜೆಕ್ಷನ್‌ನಿಂದಲೇ.

ನಮ್ಮದು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಊರು. ಅಪ್ಪನಿಗೆ ಅರವತ್ತೆಂಟು. ಎರಡು ವರ್ಷದಿಂದ ರಾತ್ರಿ ನಾಲ್ಕೈದು ಸಲ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಅವ್ವ ಕೇಳಿದರೆ "ವಯಸ್ಸಾದ ಮ್ಯಾಲ ಇದು ಇರೂದ" ಅನ್ನುತ್ತಿದ್ದ. ಸೊಂಟ ನೋವಿಗೆ ಚೀಲ ಎತ್ತಿದ್ದೇ ಕಾರಣ ಅಂತ ಎಲ್ಲರೂ ತಿಳಿದುಕೊಂಡೆವು, ಎಣ್ಣೆ ತಿಕ್ಕಿದೆವು. ಒಂದು ದಿನ ಮೂತ್ರದಲ್ಲಿ ರಕ್ತ ಕಂಡಾಗ ಹೆದರಿ ನನಗೆ ಫೋನ್ ಮಾಡಿಸಿದ. ನಾನು ಶಾಲೆಗೆ ರಜೆ ಹಾಕಿ ಕರೆದುಕೊಂಡು ಹೋದೆ. ತಮ್ಮ ಬೆಂಗಳೂರಿನಲ್ಲಿ ಇರುವುದರಿಂದ ಆಸ್ಪತ್ರೆ ಓಡಾಟವೆಲ್ಲ ನನ್ನದೇ. ರಕ್ತದ ಪಿಎಸ್‌ಎ ಪರೀಕ್ಷೆ ಮಾಡಿಸಿದರು, ಪ್ರಾಸ್ಟೇಟ್ ಕಾಯಿಲೆಯ ಸುಳಿವು ಕೊಡುವ ಪರೀಕ್ಷೆ ಅದು. ಸಾಮಾನ್ಯವಾಗಿ 4ರ ಒಳಗೆ ಇರಬೇಕಾದದ್ದು ಅಪ್ಪನಿಗೆ 486 ಇತ್ತು. ಬಯಾಪ್ಸಿ, ಬೋನ್ ಸ್ಕ್ಯಾನ್ ಆದವು. ಪಕ್ಕೆಲುಬಿಗೆ, ಸೊಂಟದ ಮೂಳೆಗೆ, ಬೆನ್ನುಮೂಳೆಯ ಮೂರು ಮಣಿಗಳಿಗೆ ಹರಡಿತ್ತು.

ಮೊದಲ ತಪ್ಪು ನಮ್ಮದೇ, ಅದನ್ನು ಮುಚ್ಚಿಡುವುದಿಲ್ಲ. ಚಿಕಿತ್ಸೆ ವಿವರಿಸಲು ಡಾಕ್ಟರು ಒಳಗೆ ಕರೆದಾಗ ನಾನೂ ಎದ್ದೆ. ಅಪ್ಪ ತಡೆದ. "ಇದು ಗಂಡಸರ ವಿಷಯ, ನೀ ಹೊರಗ ಕುಂದ್ರವ್ವ." ನಾನು ಕುಳಿತೆ. ಐದು ನಿಮಿಷಕ್ಕೆ ಅಪ್ಪ ಚೀಟಿ ಹಿಡಿದು ಹೊರಗೆ ಬಂದ. "ಏನಂದ್ರಪ್ಪ?" ಅಂದರೆ "ಹಾರ್ಮೋನ್ ಸೂಜಿ ಅಂತ, ಮೂರು ತಿಂಗಳಿಗೊಮ್ಮೆ" ಅಂದ. ಹಾರ್ಮೋನ್ ಅಂದರೆ ಶಕ್ತಿ ಬರುವ ಸೂಜಿ ಇರಬೇಕು ಅಂತ ಅವನು ತಿಳಿದಿದ್ದ. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ.

ಚೀಟಿಯಲ್ಲಿ ಎರಡು ಸಾಲು ಇದ್ದವು. ಮೇಲೆ ಲ್ಯೂಪ್ರೊಲೈಡ್ ಇಂಜೆಕ್ಷನ್. ಕೆಳಗೆ ಬಿಕಾಲುಟಮೈಡ್ 50 ಮಿಲಿಗ್ರಾಂ ಗುಳಿಗೆ, ದಿನಕ್ಕೊಂದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆದಿರಲಿಲ್ಲ. ಮೆಡಿಕಲ್ ಶಾಪಿನ ಹುಡುಗ ಇಂಜೆಕ್ಷನ್ ತೆಗೆದುಕೊಟ್ಟ. "ಗುಳಿಗಿ ಸ್ಟಾಕ್ ಇಲ್ರೀ ಮೇಡಂ, ನಾಕೈದು ದಿನ ಆಗ್ತದ. ಸೂಜಿ ಮಾಡಿಸ್ಕೊಂಡು ಹೋಗ್ರಿ, ಗುಳಿಗಿ ಆಮ್ಯಾಲ ತಗೊಂಡ್ರ ನಡೀತದ" ಅಂದ. ಸಿಸ್ಟರ್ ಇಂಜೆಕ್ಷನ್ ಹಾಕಿದಳು. ಗುಳಿಗೆ ಎಲ್ಲಿ ಅಂತ ಆಕೆಯೂ ಕೇಳಲಿಲ್ಲ. ನಾನು ಮತ್ತೆ ಡಾಕ್ಟರ ಬಾಗಿಲು ತಟ್ಟಲಿಲ್ಲ. ಆ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು.

ಆ ಗುಳಿಗೆ ಇಂಜೆಕ್ಷನ್‌ಗಿಂತ ಮೊದಲು, ತಪ್ಪಿದರೆ ಅದರ ಜೊತೆಗೇ ಹೊಟ್ಟೆಗೆ ಹೋಗಬೇಕಿತ್ತು. ಯಾಕೆ ಅನ್ನುವುದು ಆಮೇಲೆ ಗೊತ್ತಾಯಿತು.

ಪ್ರಾಸ್ಟೇಟ್ ಕ್ಯಾನ್ಸರಿಗೆ ಆಹಾರ ಗಂಡಸರ ಹಾರ್ಮೋನ್ ಟೆಸ್ಟೊಸ್ಟೆರಾನ್. ಅದನ್ನು ನಿಲ್ಲಿಸಿದರೆ ಗಡ್ಡೆ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ ಅನ್ನುವ ಡಾಕ್ಟರು 1941ರಲ್ಲೇ ತೋರಿಸಿದ್ದರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಆಗ ಇದ್ದ ದಾರಿ ವೃಷಣ ತೆಗೆಯುವ ಆಪರೇಷನ್. ಆಮೇಲೆ ಇಂಜೆಕ್ಷನ್ ಬಂದವು. ಲ್ಯೂಪ್ರೊಲೈಡ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1985ರಲ್ಲಿ. ಲ್ಯೂಪ್ರೊಲೈಡ್, ಗೋಸೆರೆಲಿನ್, ಟ್ರಿಪ್ಟೊರೆಲಿನ್ ಎಲ್ಲವೂ ಒಂದೇ ಜಾತಿ. ವೃಷಣಕ್ಕೆ "ಹಾರ್ಮೋನ್ ಮಾಡು" ಅಂತ ಹೇಳುವುದು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ. ಈ ಇಂಜೆಕ್ಷನ್ ಆ ಗ್ರಂಥಿಯನ್ನು ಬಿಡದೆ ಬಡಿದೆಬ್ಬಿಸುತ್ತದೆ. ಬಡಿಸಿಕೊಂಡು ಬಡಿಸಿಕೊಂಡು ಅದು ದಣಿದು ಸುಮ್ಮನಾಗುತ್ತದೆ, ಮೂರು ನಾಲ್ಕು ವಾರದಲ್ಲಿ ಹಾರ್ಮೋನ್ ತಳ ಮುಟ್ಟುತ್ತದೆ. ಆದರೆ ದಣಿಯುವುದಕ್ಕೆ ಮೊದಲು, ಮೊದಲ ಒಂದೆರಡು ವಾರ, ಹಾರ್ಮೋನ್ ಇಳಿಯುವುದಿಲ್ಲ, ಏರುತ್ತದೆ. ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದವರಿಗೆ ಆ ಏರಿಕೆಯಲ್ಲಿ ಗಡ್ಡೆ ಊದಿ ಬೆನ್ನುಹುರಿಯನ್ನು ಒತ್ತಬಹುದು. ಮೂತ್ರದ ದಾರಿ ಮೊದಲೇ ಬಿಗಿದಿದ್ದರೆ ಪೂರ್ತಿ ಕಟ್ಟಿಕೊಳ್ಳಬಹುದು. ಬಿಕಾಲುಟಮೈಡ್ ಗುಳಿಗೆ ಹಾರ್ಮೋನನ್ನು ಕಡಿಮೆ ಮಾಡುವುದಿಲ್ಲ, ಆ ಹಾರ್ಮೋನ್ ಕ್ಯಾನ್ಸರ್ ಕಣದೊಳಗೆ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಸಾಮಾನ್ಯವಾಗಿ ಇಂಜೆಕ್ಷನ್‌ಗೆ ಕೆಲವು ದಿನ ಅಥವಾ ಒಂದು ವಾರ ಮೊದಲೇ ಗುಳಿಗೆ ಶುರು ಮಾಡಿ, ಆಮೇಲೂ ಕೆಲವು ವಾರ ಮುಂದುವರಿಸುತ್ತಾರೆ.

ಇದನ್ನು ಕೇಳಿದ ಮೇಲೆ ಅಪ್ಪ ತನ್ನ ಭಾಷೆಯಲ್ಲಿ ಹೇಳಿದ: "ಕಾಲುವಿ ಬಂದ್ ಮಾಡೂಕ್ಕಿಂತ ಮುಂಚೆ ತೂಬು ಪೂರ್ತಿ ಎತ್ತಿಬಿಟ್ಟಂಗ. ನನ್ನ ಹೊಲದ ಬಾಯಿಗೆ ಮಣ್ಣು ಹಾಕಿರಲಿಲ್ಲ. ಬದು ಒಡೀತು." ಇದಕ್ಕಿಂತ ಚೆನ್ನಾಗಿ ನನಗೆ ಯಾವ ಡಾಕ್ಟರೂ ತಿಳಿಸಿಲ್ಲ.

ನಮ್ಮ ದಿನಗಳು ಹೀಗೆ ಹೋದವು. ನಾಲ್ಕನೆಯ ದಿನ ಸೊಂಟ ನೋವು ಜಾಸ್ತಿಯಾಯಿತು, ಮಲಗಿದರೆ ಇನ್ನೂ ಜಾಸ್ತಿ. ಅಪ್ಪ ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತಿರುತ್ತಿದ್ದ. ಆರನೆಯ ದಿನ ಗುಳಿಗೆ ಬಂತು, ಶುರು ಮಾಡಿದೆವು. ಎಂಟನೆಯ ದಿನ ತೊಡೆ ಜೋಮು ಹಿಡಿದಂತೆ ಆಗುತ್ತದೆ ಅಂದ. ಒಂಬತ್ತನೆಯ ದಿನ ಪಡಸಾಲೆಯ ಹೊಸ್ತಿಲು ಎಡವಿ ಬಿದ್ದ. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. "ಇಂಜೆಕ್ಷನ್ ಸೈಡ್ ಎಫೆಕ್ಟ್ ರೀ, ನಿಶ್ಶಕ್ತಿ ಇರ್ತದ, ಒಂದ್ ವಾರ ನೋಡ್ರಿ" ಅಂದರು. ಫೋನ್ ಎತ್ತಿದವರು ಯಾರು ಅಂತಲೂ ನಾನು ಕೇಳಲಿಲ್ಲ. ಆ ಮಾತು ನಂಬಿ ಎರಡು ದಿನ ಕಳೆದೆವು. ಆ ಎರಡು ದಿನ ನನ್ನನ್ನು ಈಗಲೂ ರಾತ್ರಿ ಎಬ್ಬಿಸುತ್ತವೆ.

ಅಪ್ಪ ಇನ್ನೊಂದು ವಿಷಯ ಮುಚ್ಚಿಟ್ಟಿದ್ದ. ಕೂತಾಗ ಕೆಳಗೆ, ಮಲಮೂತ್ರದ ಜಾಗದ ಸುತ್ತ, ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಮಗಳಿಗೆ ಹೇಗೆ ಹೇಳುವುದು ಅಂತ ಸುಮ್ಮನಿದ್ದ, ಅವ್ವನಿಗೂ ಹೇಳಲಿಲ್ಲ. ಹನ್ನೊಂದನೆಯ ದಿನ ಮೂತ್ರ ನಿಂತಿತು, ಕಾಲು ಎತ್ತಲಾಗಲಿಲ್ಲ. "ಯವ್ವಾ, ಕಾಲು ನನ್ನವು ಅನಸ್ತಿಲ್ಲ" ಅಂದ ಮಾತು ಕೇಳಿ ನಾನು ಅದೇ ಆಸ್ಪತ್ರೆಗೆ ಹೋಗದೆ ಆಂಬುಲೆನ್ಸ್ ಮಾಡಿಸಿ ಕಲಬುರಗಿ ದಾರಿ ಹಿಡಿದೆ. ನಮ್ಮ ಕಡೆಯವರು ಕ್ಯಾನ್ಸರ್ ಅಂದರೆ ಬೆಂಗಳೂರು ಅಥವಾ ಹೈದರಾಬಾದ್ ಅನ್ನುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಒಂದು ಕೇಂದ್ರ ಕಲಬುರಗಿಯಲ್ಲೂ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಅಲ್ಲಿ ಮೂತ್ರಕ್ಕೆ ಕ್ಯಾಥೆಟರ್ ಹಾಕಿದರು, ಡೆಕ್ಸಾಮೆಥಸೋನ್ ಸ್ಟಿರಾಯ್ಡ್ ಕೊಟ್ಟರು, ಬೆನ್ನಿನ ಎಂಆರ್‌ಐ ಮಾಡಿಸಿದರು. ಗಡ್ಡೆ ಬೆನ್ನುಹುರಿಯನ್ನು ಒತ್ತಿತ್ತು. ಮರುದಿನವೇ ರೇಡಿಯೇಷನ್ ಶುರುವಾಯಿತು. ನೋಡಿದ ಡಾಕ್ಟರಮ್ಮ ನೇರವಾಗಿ ಹೇಳಿದರು: ಇದು ಗಂಟೆಗಳ ಲೆಕ್ಕದ ಕಾಯಿಲೆ. ನಡೆಯುತ್ತಾ ಬಂದವರಲ್ಲಿ ಹೆಚ್ಚಿನವರು ನಡೆಯುತ್ತಲೇ ಇರುತ್ತಾರೆ, ಕಾಲು ಪೂರ್ತಿ ಹೋದ ಮೇಲೆ ಬಂದವರಿಗೆ ವಾಪಸ್ ಬರುವುದು ಕಷ್ಟ. ಇಂಜೆಕ್ಷನ್‌ನಿಂದಲೇ ಆಯಿತಾ ಅಂತ ಕೇಳಿದೆ. ಗಡ್ಡೆ ಮೊದಲೇ ಅಲ್ಲಿತ್ತು, ಇಂಜೆಕ್ಷನ್ ಇಲ್ಲದಿದ್ದರೂ ಮುಂದೊಂದು ದಿನ ಒತ್ತಬಹುದಿತ್ತು, ಆದರೆ ಗುಳಿಗೆಯಿಲ್ಲದೆ ಹಾಕಬಾರದಿತ್ತು ಅಂದರು. ಬೆನ್ನು ನೋವಿದ್ದ ರೋಗಿಗೆ ಮೊದಲೇ ಎಂಆರ್‌ಐ ಆಗಬೇಕಿತ್ತು ಅಂತಲೂ ಹೇಳಿದರು. ಸಿಟ್ಟಿನಲ್ಲಿ ಎಲ್ಲವನ್ನೂ ಆ ಆಸ್ಪತ್ರೆಯ ತಲೆಗೆ ಕಟ್ಟುವುದು ಸರಿಯಲ್ಲ, ಅದಕ್ಕೇ ಈ ಮಾತನ್ನೂ ಇಲ್ಲಿ ಬರೆದೆ. ಆದರೆ ನಲವತ್ತು ವರ್ಷದಿಂದ ಗೊತ್ತಿರುವ ಅಪಾಯವನ್ನು ಕಾಯಿಲೆಯವನ ಮನೆಯವರಿಗೆ ಒಂದು ಮಾತು ಹೇಳದೆ ಕಳಿಸುವುದನ್ನು ನಾನು ಕ್ಷಮಿಸಲಾರೆ.

ಬೇರೆ ದಾರಿಗಳಿದ್ದವು ಅಂತಲೂ ಅಲ್ಲಿಯೇ ತಿಳಿಯಿತು. ಡಿಗಾರೆಲಿಕ್ಸ್ ಅನ್ನುವ ಇಂಜೆಕ್ಷನ್ ಗ್ರಂಥಿಯನ್ನು ಬಡಿದೆಬ್ಬಿಸದೆ ನೇರವಾಗಿ ತಡೆಯುತ್ತದೆ, ಅದರಲ್ಲಿ ಈ ಏರಿಕೆ ಇಲ್ಲ. ಅದನ್ನು ತಿಂಗಳಿಗೊಮ್ಮೆ ಹಾಕಿಸಬೇಕು, ಮೊದಲ ಸಲ ಎರಡು ಸೂಜಿ. ಇನ್ನೊಂದು, ವೃಷಣ ತೆಗೆಯುವ ಸಣ್ಣ ಆಪರೇಷನ್. ಒಂದೇ ದಿನದಲ್ಲಿ ಹಾರ್ಮೋನ್ ಬೀಳುತ್ತದೆ, ಜೀವನಪೂರ್ತಿ ಇಂಜೆಕ್ಷನ್ ಖರ್ಚು ಉಳಿಯುತ್ತದೆ. ನಮ್ಮ ಕಡೆ ಇದರ ಹೆಸರೆತ್ತಿದರೆ ಗಂಡಸರು ಎದ್ದು ಹೋಗುತ್ತಾರೆ. ಅಪ್ಪನೂ "ಹೋರಿಗೆ ಬೀಜ ಒಡಸಿದಂಗೇನು?" ಅಂತ ಮುಖ ತಿರುಗಿಸಿದ. ಬೇಡ ಅನ್ನುವ ಹಕ್ಕು ಅವನದು. ಆದರೆ ಇಂಜೆಕ್ಷನ್ ಕೂಡ ಹಾರ್ಮೋನನ್ನು ಅಷ್ಟೇ ಕೆಳಗೆ ತರುತ್ತದೆ ಅನ್ನುವುದನ್ನು ಯಾರೂ ಅವನಿಗೆ ತಿಳಿಸಿರಲಿಲ್ಲ. ಗಂಡ ಹೆಂಡಿರ ಸಂಬಂಧದ ಆಸೆ ಇಂಗುತ್ತದೆ, ಮೈ ದಪ್ಪವಾಗುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಏರಬಹುದು. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರು ಸುರಿಯುತ್ತದೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಅಪ್ಪ "ಒಳಗ ಒಲಿ ಹಚ್ಚಿದಂಗ ಆಗ್ತದ" ಅಂದಾಗ ನಾವು ಜ್ವರ ಅಂತ ಪ್ಯಾರಾಸಿಟಮಾಲ್ ಕೊಡುತ್ತಿದ್ದೆವು. ಅದು ಜ್ವರವಲ್ಲ, ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲಕ್ಕೆ ಆಗುವಂಥದ್ದೇ. ಅವ್ವನಿಗೆ ಅದನ್ನು ಹೇಳಿದಾಗ ಆಕೆ ಮರುಮಾತಿಲ್ಲದೆ ಹೋಗಿ ಒದ್ದೆ ಟವೆಲ್ ತಂದು ಅವನ ಬೆನ್ನ ಮೇಲೆ ಹಾಕಿದಳು. ಆಕೆಗೆ ಅದೆಲ್ಲ ಗೊತ್ತಿತ್ತು.

ನಿಮಗೆ ನನ್ನ ಕೋರಿಕೆ ಇಷ್ಟು. ಇಂಜೆಕ್ಷನ್ ಹಾಕಿಸುವ ದಿನ ಒಳಗೆ ಒಬ್ಬರನ್ನೇ ಕಳಿಸಬೇಡಿ. ಮಗಳಿರಲಿ, ಸೊಸೆಯಿರಲಿ, ಕೂತು ಕೇಳಿ. "ಸರ್, ಈ ಇಂಜೆಕ್ಷನ್ ಹಾಕಿದರೆ ಮೊದಲು ಹಾರ್ಮೋನ್ ಏರುತ್ತದಾ? ಅದಕ್ಕೆ ಮೊದಲು ಗುಳಿಗೆ ಬೇಕಾ? ಎಷ್ಟು ದಿನ ಮೊದಲು?" ಅಂತ ಇದೇ ಮಾತಿನಲ್ಲಿ ಕೇಳಿ. ಗುಳಿಗೆ ಅಂಗಡಿಯಲ್ಲಿ ಇಲ್ಲದಿದ್ದರೆ ಅಂಗಡಿಯವರ ಮಾತು ಕೇಳಿ ಸೂಜಿ ಮಾಡಿಸಬೇಡಿ. ಡಾಕ್ಟರ ಬಾಗಿಲಿಗೆ ವಾಪಸ್ ಹೋಗಿ. ಬೆನ್ನು ನೋವು ಇದ್ದರೆ ಇದೆ ಅಂತ ಗಟ್ಟಿಯಾಗಿ ಹೇಳಿ. ಇಂಜೆಕ್ಷನ್ ಆದ ಮೇಲೆ ಬೆನ್ನು ನೋವು ಏರಿದರೆ, ಕಾಲು ಜೋಮು ಹಿಡಿದರೆ, ನಡೆಯುವಾಗ ಹೆಜ್ಜೆ ತಡವರಿಸಿದರೆ, ಮೂತ್ರ ಕಟ್ಟಿದರೆ, ಕೆಳಗೆ ಸ್ಪರ್ಶ ಹೋದರೆ ಫೋನ್ ಮಾಡಿ ಕೇಳುತ್ತಾ ಕೂರಬೇಡಿ. ಅವತ್ತೇ, ರಾತ್ರಿಯಾದರೂ, ಎಂಆರ್‌ಐ ಮತ್ತು ರೇಡಿಯೇಷನ್ ಇರುವ ಆಸ್ಪತ್ರೆಗೆ ಹೊರಡಿ. ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಾವು ಮೊದಲ ದಿನ ಕಾರ್ಡ್ ಮನೆಯಲ್ಲೇ ಬಿಟ್ಟು ಹೋಗಿದ್ದೆವು.

ಒಂದು ಮಾತು ಇಂಜೆಕ್ಷನ್ ನಡೆಯುತ್ತಿರುವವರಿಗೆ. ತಾರೀಖು ತಪ್ಪಿಸಬೇಡಿ, ಕೆಲವು ದಿನ ಮುಂದೆ ಹೋದರೂ ಹಾರ್ಮೋನ್ ಮತ್ತೆ ಏಳಬಹುದು. ಹರಡಿದ ಕ್ಯಾನ್ಸರಿಗೆ ಇಂಜೆಕ್ಷನ್ ಒಂದೇ ಸಾಕಾ ಅಂತಲೂ ಕೇಳಿ. ಇಂಜೆಕ್ಷನ್ ಜೊತೆಗೆ ಮೊದಲಿನಿಂದಲೇ ಅಬಿರಾಟೆರಾನ್ ಗುಳಿಗೆ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಅಂತ 2017ರಲ್ಲಿ ರೋಗಿಗಳ ಮೇಲೆ ನಡೆದ ಎರಡು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಅಪ್ಪ ಈಗ ಅದನ್ನು ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಜೊತೆ ತೆಗೆದುಕೊಳ್ಳುತ್ತಾನೆ, ಅಬಿರಾಟೆರಾನ್ ಮಾತ್ರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಊಟದ ಜೊತೆ ತೆಗೆದುಕೊಂಡರೆ ಔಷಧ ರಕ್ತದಲ್ಲಿ ವಿಪರೀತ ಏರುತ್ತದೆ. ಮೂಳೆ ಸವೆಯದಂತೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಹಾಕುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ. ಇಲ್ಲದಿದ್ದರೆ ದವಡೆ ಮೂಳೆ ಕೆಡುವ ಅಪಾಯವಿದೆ.

ಅಪ್ಪನ ಪಿಎಸ್‌ಎ ಈಗ 1ಕ್ಕಿಂತ ಕಡಿಮೆ. ಬಲಗಾಲು ಸುಮಾರಾಗಿ ಬಂದಿದೆ, ಎಡಗಾಲು ಎಳೆಯುತ್ತಾನೆ. ವಾಕರ್ ಹಿಡಿದು ಅಗಸಿ ಕಟ್ಟೆಯವರೆಗೆ ಹೋಗುತ್ತಾನೆ, ಹೊಲಕ್ಕೆ ಹೋಗಲಾರ. ಕಾಲುವೆಗೆ ನೀರು ಬಿಟ್ಟ ದಿನ ನನ್ನ ತಮ್ಮ ಅವನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿಕೊಂಡು ಬಂದ.

ಹೋದ ತಿಂಗಳು ಓಣಿಯ ದೊಡ್ಡಪ್ಪ ಒಬ್ಬರಿಗೆ ಇದೇ ಕಾಯಿಲೆ ಅಂತ ಸುದ್ದಿ ಬಂತು. ಅವರು ಕಟ್ಟೆಗೆ ಬಂದಾಗ ಹತ್ತು ಜನ ಕೂತಿದ್ದರು, ಹೆಂಗಸರೂ ಇದ್ದರು. ಮಗಳ ಮುಂದೆ ಬಾಯಿ ಬಿಡದ ನಮ್ಮಪ್ಪ ಅಷ್ಟು ಜನರ ನಡುವೆ ಕೂಗಿ ಕೇಳಿದ: "ಅಣ್ಣ, ಸೂಜಿ ಮಾಡಿಸ್ಕೋಬ್ಯಾಡ ತಡಿ. ಗುಳಿಗಿ ಕೊಟ್ಟಾರೇನು, ಮೊದಲ ಅದನ್ನ ಹೇಳು."