ನೀವ್ 1073: ಹಳೆಯ ಮಾಡ್ಯೂಲ್ ಕೊಳ್ಳುವ ಮುನ್ನ

ರೂಪರ್ಟ್ ನೀವ್ 1961ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಕಂಪನಿ 1970ರಲ್ಲಿ ಹೊರತಂದ 1073, ಕನ್ಸೋಲಿನ (ಸ್ಟುಡಿಯೋದ ಮಿಕ್ಸಿಂಗ್ ಮೇಜಿನ) ಒಂದು ಚಾನೆಲ್‌ಗೆ ಬೇಕಾದ ಮೈಕ್ ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ಮತ್ತು ಈಕ್ಯೂ (ಸ್ವರಗಳ ಏರಿಳಿತ ಹೊಂದಿಸುವ ಭಾಗ) ಎರಡನ್ನೂ ಒಂದೇ ಮಾಡ್ಯೂಲಿನಲ್ಲಿ ಕೊಟ್ಟಿತು. ರೂಪರ್ಟ್ 1975ರಲ್ಲಿ ಹೊರನಡೆದರು. 1985ರಲ್ಲಿ ಕಂಪನಿ ಸೀಮೆನ್ಸ್ ಪಾಲಾಯಿತು, 1992ರಲ್ಲಿ ಎಎಂಎಸ್ ಎಂಬ ಆಡಿಯೋ ಕಂಪನಿಯ ಜೊತೆ ಸೇರಿತು. ಹಳೆಯ ಕನ್ಸೋಲುಗಳನ್ನು ಬಿಚ್ಚಿ ಮಾರಿದ್ದರಿಂದ ಮೂಲ ಮಾಡ್ಯೂಲುಗಳು ಇಂದು ಬಿಡಿಯಾಗಿ ಸಿಗುತ್ತವೆ.

ಇದರ ದನಿಯ ಗುಟ್ಟು ಔಟ್‌ಪುಟ್ ಹಂತದಲ್ಲಿದೆ. ಒಂದೇ ಒಂದು 2ಎನ್3055 ಟ್ರಾನ್ಸಿಸ್ಟರ್ ಕ್ಲಾಸ್-ಎ ಆಗಿ, ಅಂದರೆ ಅಲೆಯುದ್ದಕ್ಕೂ ಕರೆಂಟ್ ನಿಲ್ಲದಂತೆ ದುಡಿಯುತ್ತದೆ, ಅದರ ಡಿಸಿ ಕರೆಂಟ್ ನೇರವಾಗಿ ಎಲ್‌ಒ1166 ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲೇ ಹರಿಯುತ್ತದೆ. ಕೋರ್ ಸ್ಯಾಚುರೇಟ್ ಆಗದಿರಲೆಂದೇ (ಕಾಂತತ್ವದ ಮಿತಿ ಮುಟ್ಟದಿರಲೆಂದೇ) ಅದರಲ್ಲಿ ಏರ್ ಗ್ಯಾಪ್ ಬಿಟ್ಟಿದ್ದಾರೆ. ಲೆವೆಲ್ ಏರಿಸಿದಂತೆ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಹಾರ್ಮೋನಿಕ್ಸ್ (ಮೂಲ ಸ್ವರದ ಗುಣಕ ಸ್ವರಗಳು) ಮೆಲ್ಲಗೆ ಕೂಡಿಕೊಂಡು ಬೇಸ್ ಗಿಟಾರ್, ಕಿಕ್ ಡ್ರಮ್ ಮೈತುಂಬಿಕೊಳ್ಳುವುದು ಇದರಿಂದ. ಹಾಗಾಗಿ ಯಾರೋ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿದ್ದರೆ ಅದನ್ನು ಮೂಲ 1073 ಎಂದು ಕೊಳ್ಳಬೇಡಿ.

ಈಕ್ಯೂ ಸರಳ. 12 ಕಿಲೋಹರ್ಟ್ಸ್‌ನಲ್ಲಿ ನಿಂತ ಹೈ ಶೆಲ್ಫ್ (ಅಲ್ಲಿಂದ ಮೇಲಿನದೆಲ್ಲವನ್ನೂ ಒಟ್ಟಿಗೆ ಏರಿಸುವ, ಇಳಿಸುವ ನಿಯಂತ್ರಣ), 360 ಹರ್ಟ್ಸ್‌ನಿಂದ 7.2 ಕಿಲೋಹರ್ಟ್ಸ್‌ವರೆಗೆ ಆರು ಮಿಡ್ ಆಯ್ಕೆಗಳು, 35, 60, 110, 220 ಹರ್ಟ್ಸ್‌ನ ಲೋ ಶೆಲ್ಫ್. ಗಾಯಕರ ದನಿಗೆ ಆ 12 ಕಿಲೋಹರ್ಟ್ಸ್ ಎತ್ತಿದಾಗ ಸಿಗುವ ಹೊಳಪಿಗೆ ಸಾಟಿ ಕಡಿಮೆ. ಆದರೆ ಮಿಡ್‌ನಲ್ಲಿ ಕ್ಯೂ ನಿಯಂತ್ರಣ (ಎಷ್ಟು ಅಗಲದ ಪಟ್ಟಿ ಬದಲಾಗಬೇಕೆಂಬ ಆಯ್ಕೆ) ಇಲ್ಲ. ಕಿವಿ ಚುಚ್ಚುವ ಒಂದು ಸ್ವರವನ್ನಷ್ಟೇ ಕತ್ತರಿಸುವ ಕೆಲಸ ಇದರಿಂದ ಆಗದು.

ಕೆಡುವುದರಲ್ಲಿ ಮೊದಲನೆಯವು ಟ್ಯಾಂಟಲಂ ಕೆಪಾಸಿಟರ್‌ಗಳು. ಲೀಕ್ ಆದರೆ ಚಟಪಟ ಸದ್ದು. ಪವರ್ ಸಪ್ಲೈ ಮೇಲಿರುವ ಕೆಪಾಸಿಟರ್ ಶಾರ್ಟ್ ಆದರೆ 24 ವೋಲ್ಟ್ ಲೈನ್ ಪೂರ್ತಿ ಕುಸಿದು, ಅದೇ ರ‍್ಯಾಕಿನ ಪಕ್ಕದ ಮಾಡ್ಯೂಲೂ ಮೂಕವಾಗಬಹುದು. ಗೇನ್ ಸ್ವಿಚ್ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ನೋಡಿ. ವೇಫರ್ (ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್ ಬಿಲ್ಲೆ) ಸವೆದಿದ್ದರೆ ಕ್ಲೀನರ್‌ಗೆ ಬಗ್ಗದು. ಔಟ್‌ಪುಟ್ ಕಾರ್ಡಿನ ಬಯಾಸ್ (ಟ್ರಾನ್ಸಿಸ್ಟರಿನ ಸ್ಥಿರ ಹೊಂದಿಕೆ) ತಪ್ಪಿದ್ದರೆ ಆಸಿಲೋಸ್ಕೋಪಿನಲ್ಲಿ ಅಲೆಯ ಒಂದು ಬದಿ ಬೇಗ ಕತ್ತರಿಸಿಹೋಗುತ್ತದೆ. ಎರಡೂ ಬದಿ ಒಟ್ಟಿಗೆ ಕ್ಲಿಪ್ ಆಗುವವರೆಗೆ ಕಾರ್ಡಿನ ಮೇಲಿನ ಹೊಂದಿಕೆಯ ಸ್ಕ್ರೂ, ಅಂದರೆ ಟ್ರಿಮರ್ ತಿರುಗಿಸಿ.

ರ‍್ಯಾಕಿಗೆ ಹಾಕುವಾಗ ಎರಡು ಸಂಗತಿ ಮರೆಯುವವರೇ ಹೆಚ್ಚು. ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್) ಮಾಡ್ಯೂಲಿನಲ್ಲಿಲ್ಲ. 48 ವೋಲ್ಟನ್ನು ಹೊರಗಿನಿಂದ 6.8 ಕಿಲೋಓಮ್‌ನ ಎರಡು ರೆಸಿಸ್ಟರ್ ಮೂಲಕ ಕೊಡಬೇಕು. ಇನ್ನು, ಔಟ್‌ಪುಟ್ 600 ಓಮ್ ಲೋಡಿಗೆಂದು ಮಾಡಿದ್ದು. ಇಂದಿನ ಇಂಟರ್‌ಫೇಸಿನ 10 ಕಿಲೋಓಮ್ ಇನ್‌ಪುಟ್‌ಗೆ ಹಾಗೇ ಜೋಡಿಸಿದರೆ ಮೇಲಿನ ಫ್ರೀಕ್ವೆನ್ಸಿಗಳು ಅನಗತ್ಯವಾಗಿ ಉಬ್ಬುತ್ತವೆ. ಔಟ್‌ಪುಟ್‌ಗೆ ಅಡ್ಡಲಾಗಿ 600 ಓಮ್ ಆಸುಪಾಸಿನ ಒಂದು ರೆಸಿಸ್ಟರ್ ಬೆಸೆದರೆ ಸಾಕು.

ಹಣ ಕೊಡುವ ಮುಂಚೆ 1 ಕಿಲೋಹರ್ಟ್ಸ್ ಟೋನ್ ಹಾಕಿ, ಗೇನ್ ಸ್ವಿಚ್ಚಿನ ಕೆಂಪು ಗುಬುಟನ್ನು ಒಂದೊಂದೇ ಹೆಜ್ಜೆ ಏರಿಸಿ. ಮೀಟರ್ ಪ್ರತಿ ಸಲ 5 ಡಿಬಿ ಏರಬೇಕು. ಓವರ್‌ಲೋಡ್ ಆಗದಂತೆ ಟೋನ್ ತಗ್ಗಿಸುತ್ತಾ ಹೋಗಿ. 50 ಡಿಬಿ ದಾಟಿದ ಮೇಲೆ ಇನ್ನೊಂದು ಆಂಪ್ಲಿಫೈಯರ್ ಹಂತ ಸೇರಿಕೊಳ್ಳುವುದರಿಂದ, 55ರಿಂದ ಮೇಲೆ ಮಾತ್ರ ಬೇಡದ ಸದ್ದು ಬಂದರೆ ಹುಡುಕಬೇಕಾದ್ದು ಆ ಕಾರ್ಡನ್ನೇ.